ಕೆಸರು ಕಲಿಸಿದ ಲೆಕ್ಕ

ಹುಬ್ಬಳ್ಳಿಯಿಂದ ಬಿಡನಾಳದ ಕಡೆಗೆ ಬೇಸಿಗೆಯಲ್ಲಿ ಹೋದವರಿಗೆ ಅಲ್ಲಿಯ ನಾಲಾ ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಗೊತ್ತಾಗುತ್ತದೆ. ಊರಿನ ಬಚ್ಚಲು, ಗಟಾರು, ಗ್ಯಾರೇಜು, ಅಂಗಡಿ-ಮುಂಗಟ್ಟುಗಳ ನೀರೆಲ್ಲ ಒಂದಾಗಿ ಕಪ್ಪಗೆ ಹರಿಯುತ್ತದೆ. ಸ್ವಲ್ಪ ಹೊತ್ತು ನಿಂತು ನೋಡಿದರೆ ತಳದ ಕೆಸರಿನಿಂದ ಒಂದೊಂದೇ ಗುಳ್ಳೆ ಮೇಲೆದ್ದು ಒಡೆಯುವುದು ಕಾಣುತ್ತದೆ.

ಈ ನೀರು ಬರೀ ಹರಿದುಹೋಗುವ ನೀರಲ್ಲ. ಹುಬ್ಬಳ್ಳಿ ಬದಿಯ ಬಿಡನಾಳ, ಗಬ್ಬೂರ, ಬುಡರಸಿಂಗಿ, ಕಟ್ನೂರ, ಧಾರವಾಡ ಬದಿಯ ಮದಿಹಾಳ, ಗೋವನಕೊಪ್ಪ, ಮರಡಗಿಗಳ ರೈತರು ದಶಕಗಳಿಂದ ಇದನ್ನೇ ಪಂಪಿನಿಂದ ಎತ್ತಿ ಹೊಲಕ್ಕೆ ಹಾಯಿಸುತ್ತ ಬಂದಿದ್ದಾರೆ. ಮಳೆ ಕೈಕೊಟ್ಟ ವರ್ಷವೂ ಬತ್ತದ ನೀರು ಇದೊಂದೇ. ಕಾಸು ಕೊಡಬೇಕಿಲ್ಲ, ಗೊಬ್ಬರವೂ ಜೊತೆಗೇ ಬರುತ್ತದೆ. ಅವಳಿನಗರದ ಸಂತೆಗೆ ಬರುವ ಸೊಪ್ಪು-ತರಕಾರಿಯ ಒಂದು ಪಾಲು ಈ ನೀರಿನಲ್ಲೇ ಬೆಳೆದದ್ದು. ಈ ಕೃಷಿಯ ಕುರಿತು ಧಾರವಾಡದ ಕೃಷಿ ವಿಶ್ವವಿದ್ಯಾಲಯದವರೂ ವಿದೇಶದ ಸಂಶೋಧಕರೂ ಸೇರಿ ನಡೆಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಕೊಳಚೆ ನೀರಿನ ಹೊಲಗಳಲ್ಲಿ ಕೀಟಬಾಧೆ ಹೆಚ್ಚು, ಹಾಗಾಗಿ ಎಣ್ಣೆ ಹೊಡೆಯುವುದೂ ಹೆಚ್ಚು ಎಂಬ ಅಂಶ ಅದರಲ್ಲಿತ್ತು.

ಹಾಗಾದರೆ ಆ ಕಪ್ಪು ಕೆಸರಿನಲ್ಲಿ ನಡೆಯುತ್ತಿರುವುದೇನು? ಬರೀ ಕೊಳೆಯುವಿಕೆಯೇ? ಅಥವಾ ನಾವು ಚೆಲ್ಲಿದ ವಿಷವನ್ನು ಯಾರಾದರೂ ಅಲ್ಲಿ ಕುಳಿತು ಕರಗಿಸುತ್ತಿದ್ದಾರೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಿದ ಕಥೆಗೂ ನಮ್ಮ ಧಾರವಾಡ ಸೀಮೆಗೂ ಹಳೆಯ ನಂಟಿದೆ.

ಗೋಡೆಗೆ ಹೊಡೆದ ಬಿಳಿ ಪುಡಿ

ಅಡುಗೆಯ ಉಪ್ಪಿನಲ್ಲೂ ಕ್ಲೋರಿನ್ ಇದೆ, ಅದರಿಂದ ತೊಂದರೆಯಿಲ್ಲ. ಇದೇ ಕ್ಲೋರಿನ್ ಇಂಗಾಲದ ಪರಮಾಣುವಿಗೆ ಬಿಗಿಯಾಗಿ ಅಂಟಿಕೊಂಡಾಗ ಹುಟ್ಟುವ ವಸ್ತುಗಳ ಗುಣ ಮಾತ್ರ ಬೇರೆ. ಅವುಗಳಲ್ಲಿ ಹಲವು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಕೊಬ್ಬಿನಲ್ಲಿ ಸೇರಿಕೊಳ್ಳುತ್ತವೆ, ಬೇಗ ಕೊಳೆಯುವುದೂ ಇಲ್ಲ. ಡಿ.ಡಿ.ಟಿ., ಗ್ಯಾಮಾಕ್ಸಿನ್ ಪುಡಿ, ಎಂಡೋಸಲ್ಫಾನ್ ಎಲ್ಲವೂ ಈ ಕುಲದವೇ.

ಡಿ.ಡಿ.ಟಿ. ಕೀಟಗಳನ್ನು ಕೊಲ್ಲುತ್ತದೆಂದು 1939ರಲ್ಲಿ ಕಂಡುಕೊಂಡವರು ಸ್ವಿಟ್ಜರ್ಲೆಂಡಿನ ಪಾಲ್ ಮ್ಯೂಲರ್. ಅದಾದ ಏಳೇ ವರ್ಷಕ್ಕೆ ಆ ಪುಡಿ ನಮ್ಮ ಹಳ್ಳಿಗಳಿಗೆ ಬಂತು. ಆಗ ಧಾರವಾಡ, ಕಾರವಾರಗಳೆರಡೂ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಮಲೆನಾಡಿನ ಸೆರಗಿನ ಹಳ್ಳಿಗಳಲ್ಲಿ ಮಲೇರಿಯಾ ಮನೆ ಮನೆಯ ಮಾತಾಗಿತ್ತು. ಡಾ. ಡಿ.ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರ ರಾವ್ ಅವರ ತಂಡ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಮನೆಗಳ ಒಳಗೋಡೆಗೆ ಡಿ.ಡಿ.ಟಿ. ಸಿಂಪಡಿಸಿತು. ಮೊದಲ ವರ್ಷದ ಫಲಿತಾಂಶವನ್ನು ಅವರು 1947ರಲ್ಲಿ ಪ್ರಕಟಿಸಿದರು. ಹಳ್ಳಿಗಾಡಿನ ಮಲೇರಿಯಾದ ಮೇಲೆ ಡಿ.ಡಿ.ಟಿ. ಪ್ರಯೋಗವಾದ ದೇಶದ ಮೊದಮೊದಲ ಸೀಮೆಗಳಲ್ಲಿ ನಮ್ಮದೂ ಒಂದು. 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ಇಂಥ ಅನುಭವಗಳೇ ಬುನಾದಿಯಾದವು.

ಆ ಪುಡಿ ಎಷ್ಟೋ ಜೀವಗಳನ್ನು ಉಳಿಸಿತು. ಅದನ್ನು ಮರೆಯುವಂತಿಲ್ಲ. ಆದರೆ ಒಮ್ಮೆ ಹೊಡೆದರೆ ತಿಂಗಳುಗಟ್ಟಲೆ ಗೋಡೆಯ ಮೇಲೆ ಉಳಿಯುವ ಯಾವ ಗುಣಕ್ಕಾಗಿ ಅದನ್ನು ಹೊಗಳಿದ್ದರೋ, ಹೊಲಕ್ಕೂ ಕೆರೆಗೂ ಇಳಿದಾಗ ಅದೇ ಗುಣ ಅದರ ದೋಷವಾಯಿತು. ಭಾರತದಲ್ಲಿ ಕೃಷಿಗೆ ಡಿ.ಡಿ.ಟಿ. ಬಳಕೆ 1989ರಲ್ಲಿ ನಿಂತಿತು, ಬಿ.ಎಚ್.ಸಿ. ನಿಷೇಧವಾದದ್ದು 1997ರಲ್ಲಿ. ಕಾಸರಗೋಡಿನ ಗೇರು ತೋಟಗಳ ಸುತ್ತಲ ಜನರನ್ನು ನರಳಿಸಿದ ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟು ತಡೆದದ್ದು 2011ರಲ್ಲಿ.

ತುಂಗಭದ್ರೆಯ ದಡದಲ್ಲಿ

ಕ್ಲೋರಿನ್ ಈ ಸೀಮೆಗೆ ಎರಡನೆಯ ಸಲ ಬಂದದ್ದು ಕಾರ್ಖಾನೆಯ ದಾರಿಯಿಂದ. ದಾಂಡೇಲಿಯ ಕಾಗದದ ಕಾರ್ಖಾನೆ 1959ರಲ್ಲಿ ಉತ್ಪಾದನೆ ಆರಂಭಿಸಿ ಕಾಳಿ ನದಿಯ ನೀರನ್ನು ಬಳಸಿತು. 1972ರಲ್ಲಿ ಹರಿಹರದ ಎದುರು ದಡದಲ್ಲಿ, ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ, ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಕೆಲಸ ಶುರುಮಾಡಿತು. ನೀಲಗಿರಿ ಮುಂತಾದ ಮರಗಳಿಂದ ರೇಯಾನ್ ಬಟ್ಟೆಗೆ ಬೇಕಾದ ತಿರುಳು ತಯಾರಿಸುವುದು ಅದರ ಕೆಲಸ. ಇಂದು ಹಾವೇರಿ ಜಿಲ್ಲೆಯಲ್ಲಿರುವ ಆ ತಾಲ್ಲೂಕು 1997ರವರೆಗೆ ಧಾರವಾಡ ಜಿಲ್ಲೆಯದಾಗಿತ್ತು.

ಮರದ ತಿರುಳು ಹುಟ್ಟುವಾಗ ಕಂದು ಬಣ್ಣದ್ದು. ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಎಂಬ ಅಂಟಿನ ಬಣ್ಣ ಅದು. ಅದನ್ನು ಬಿಳಿ ಮಾಡಲು ಆ ಕಾಲದಲ್ಲಿ ಜಗತ್ತಿನ ಬಹುತೇಕ ತಿರುಳು ಕಾರ್ಖಾನೆಗಳು ನೆಚ್ಚಿಕೊಂಡದ್ದು ಕ್ಲೋರಿನ್ನನ್ನು. ಕ್ಲೋರಿನ್ ಲಿಗ್ನಿನ್ನನ್ನು ಒಡೆಯುತ್ತದೆ, ಒಡೆಯುವಾಗ ಅದರ ಚೂರುಗಳಿಗೆ ತಾನೂ ಅಂಟಿಕೊಳ್ಳುತ್ತದೆ. ಹೀಗೆ ಕ್ಲೋರೋಫಿನಾಲ್ ಮೊದಲಾದ ನೂರಾರು ಸಂಯುಕ್ತಗಳು ತೊಳೆದ ನೀರಿನಲ್ಲಿ ಸೇರುತ್ತವೆ. ಬಿಳುಪು ಮಾಡುವ ಈ ಹಂತದಲ್ಲೇ ಡಯಾಕ್ಸಿನ್ ಎಂಬ ಕಡುವಿಷವೂ ಅತ್ಯಲ್ಪ ಪ್ರಮಾಣದಲ್ಲಿ ಹುಟ್ಟುತ್ತದೆಂದು ಹೊರದೇಶಗಳಲ್ಲಿ ಗೊತ್ತಾದದ್ದು 1980ರ ದಶಕದ ನಡುವೆ.

ಅಷ್ಟರಲ್ಲಿ ತುಂಗಭದ್ರೆಯ ಕೆಳದಂಡೆಯ ಹಳ್ಳಿಗಳವರಿಗೆ ಪ್ರಯೋಗಶಾಲೆಯ ವರದಿ ಬೇಕಿರಲಿಲ್ಲ. ನೀರಿನ ಬಣ್ಣ ಬದಲಾಗಿದೆ, ನೊರೆ ಬರುತ್ತಿದೆ, ಮೀನು ಸಾಯುತ್ತಿವೆ, ಮಿಂದರೆ ಮೈ ತುರಿಸುತ್ತದೆ ಎಂಬುದು ಅವರ ದೂರು. ನದಿಯನ್ನೇ ನಂಬಿದ ಮೀನುಗಾರರಿಗೆ ಅದು ಹೊಟ್ಟೆಯ ಪ್ರಶ್ನೆ. ಅಮೆರಿಕದಲ್ಲಿದ್ದ ಎಂಜಿನಿಯರ್ ಎಸ್.ಆರ್. ಹಿರೇಮಠ ತಾಯ್ನಾಡಿಗೆ ಮರಳಿ ರಾಣೆಬೆನ್ನೂರು ತಾಲ್ಲೂಕಿನ ಹಳ್ಳಿಗಳಲ್ಲಿ ಕೆಲಸ ಮಾಡುತ್ತಿದ್ದರು. 1984ರಲ್ಲಿ ಅವರೂ ಸಂಗಡಿಗರೂ ಸೇರಿ ಕಟ್ಟಿದ ಸಮಾಜ ಪರಿವರ್ತನ ಸಮುದಾಯ ಈ ದೂರನ್ನು ಕೈಗೆತ್ತಿಕೊಂಡಿತು. ಧಾರವಾಡವನ್ನು ನೆಲೆ ಮಾಡಿಕೊಂಡ ಈ ಸಂಘಟನೆಯ ಹೋರಾಟದಿಂದ ‘ಮಾಲಿನ್ಯ’ ಎಂಬ ಪದ ಹಳ್ಳಿಯ ಕಟ್ಟೆಗೂ ಬಂತು.

ಕಾರ್ಖಾನೆ ಬೇಕೋ ನದಿ ಬೇಕೋ ಎಂಬ ವಾದ ಅಂದು ಬಿರುಸಾಗಿ ನಡೆಯಿತು. ಆದರೆ ವಾದದ ಗದ್ದಲದಲ್ಲಿ ಒಂದು ಪ್ರಶ್ನೆ ಹಿಂದೆ ಸರಿಯಿತು. ‘ಶುದ್ಧೀಕರಿಸಿ ಬಿಡುತ್ತೇವೆ’ ಎಂದರೆ ಏನರ್ಥ? ಯಾವ ವಸ್ತು, ಎಷ್ಟು ಹೊತ್ತಿನಲ್ಲಿ, ಯಾವುದಾಗಿ ಬದಲಾಗುತ್ತದೆ? ಸಾವಯವ ಕ್ಲೋರಿನ್ ಸಂಯುಕ್ತಗಳಿಗೆಂದೇ ನಮ್ಮ ದೇಶದ ದೊಡ್ಡ ಕಾಗದ ಕಾರ್ಖಾನೆಗಳಿಗೆ ಅಂಕಿಯ ಗುರಿ ಹಾಕಿಕೊಟ್ಟದ್ದು 2003ರ ಕೇಂದ್ರದ ಸನ್ನದು: ಟನ್ ಕಾಗದಕ್ಕೆ ಎರಡು ವರ್ಷದೊಳಗೆ 1.5 ಕಿಲೋ, ಐದು ವರ್ಷದೊಳಗೆ 1 ಕಿಲೋ.

ಗಾಳಿ ಬೇಡದ ಕೆಲಸಗಾರರು

ಕೊಳಚೆ ನೀರನ್ನು ಶುದ್ಧ ಮಾಡುವ ರೂಢಿಯ ಕ್ರಮವೆಂದರೆ ಅದಕ್ಕೆ ಗಾಳಿ ಊದುವುದು. ಆಮ್ಲಜನಕ ಉಸಿರಾಡುವ ಜೀವಾಣುಗಳು ಕೊಳೆಯನ್ನು ತಿಂದು ಮುಗಿಸುತ್ತವೆ. ಆದರೆ ಮೈತುಂಬ ಕ್ಲೋರಿನ್ ಹೊತ್ತ ಅಣು ಇವುಗಳ ಹಲ್ಲಿಗೆ ಸುಲಭವಾಗಿ ಸಿಗುವುದಿಲ್ಲ.

ಇನ್ನೊಂದು ಪಂಗಡವಿದೆ. ಗಾಳಿಯಿಲ್ಲದ ಕೆಸರಿನಲ್ಲೇ ಬಾಳುವ, ಗಾಳಿ ತಗುಲಿದರೆ ಸಾಯುವ ಜೀವಾಣುಗಳು. ಇಟಲಿಯ ವೋಲ್ಟಾ 1776ರಲ್ಲಿ ಸರೋವರದ ಕೆಸರನ್ನು ಕೋಲಿನಿಂದ ಕೆದಕಿ, ಎದ್ದ ಗುಳ್ಳೆಗಳನ್ನು ಹಿಡಿದು ಬೆಂಕಿ ಹಚ್ಚಿದ. ಅದೇ ಮಿಥೇನ್ ಅನಿಲ. ಬಿಡನಾಳದ ನಾಲೆಯ ಗುಳ್ಳೆಯಲ್ಲೂ ಇರುವುದು ಅದೇ. 1897ರಲ್ಲಿ ಮುಂಬಯಿಯ ಮಾಟುಂಗಾ ಕುಷ್ಠರೋಗಿಗಳ ಆಶ್ರಮದಲ್ಲಿ ಮಲಮೂತ್ರದಿಂದ ಹುಟ್ಟಿದ ಅನಿಲದಲ್ಲಿ ದೀಪ ಹಚ್ಚಿದ್ದರು. ಮುಂದೆ ನಮ್ಮ ಹಿತ್ತಿಲಿಗೆ ಬಂದ ಗೋಬರ್ ಗ್ಯಾಸ್ ಕೂಡ ಇವರದೇ ದುಡಿಮೆ.

1970ರ ದಶಕದಲ್ಲಿ ನೆದರ್ಲೆಂಡಿನ ವಾಗೆನಿಂಗನ್ ಕೃಷಿ ವಿಶ್ವವಿದ್ಯಾಲಯದ ಗಾಟ್ಜೆ ಲೆಟ್ಟಿಂಗ ಒಂದು ಹೊಸ ತೊಟ್ಟಿಯನ್ನು ರೂಪಿಸಿದರು. ಕೊಳಚೆ ನೀರು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಏರುತ್ತದೆ. ಜೀವಾಣುಗಳು ಸಾಸಿವೆ ಕಾಳಿನಂಥ ಉಂಡೆಗಳಾಗಿ ತಳದಲ್ಲೇ ಉಳಿಯುತ್ತವೆ. ನೀರು ಹೋಗುತ್ತದೆ, ಕೆಲಸಗಾರರು ಹೋಗುವುದಿಲ್ಲ. ಗಾಳಿ ಊದುವ ವಿದ್ಯುತ್ ಖರ್ಚಿಲ್ಲ, ಬದಲಿಗೆ ಅನಿಲವೇ ಸಿಗುತ್ತದೆ. ಬೆಚ್ಚಗಿನ ದೇಶಗಳಿಗೆ ಇದು ಹೇಳಿಮಾಡಿಸಿದಂತಿತ್ತು. 1989ರಲ್ಲಿ ಕಾನಪುರದ ಜಾಜಮೌದಲ್ಲಿ ದಿನಕ್ಕೆ 50 ಲಕ್ಷ ಲೀಟರ್ ಕೊಳಚೆಗೆ ಇಂಥ ತೊಟ್ಟಿ ಬಂತು.

ಕ್ಲೋರಿನ್ ಕೀಳುವವರು

ಈ ಕೆಸರಿನ ಜೀವಾಣುಗಳು ಕ್ಲೋರಿನ್ ಹೊತ್ತ ಅಣುಗಳನ್ನೂ ಮುಟ್ಟಬಲ್ಲವೆ? ಮೊದಲ ಸುಳಿವು ಸಿಕ್ಕಿದ್ದು ಭತ್ತದ ಗದ್ದೆಯಲ್ಲಿ. ಫಿಲಿಪ್ಪೀನ್ಸಿನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಕೆ. ರಘು ಮತ್ತು ಐ.ಸಿ. ಮ್ಯಾಕ್‌ರೇ ನೀರು ನಿಂತ ಮಣ್ಣಿಗೆ ಲಿಂಡೇನ್, ಅಂದರೆ ಗ್ಯಾಮಾಕ್ಸಿನ್ನಿನ ಜೀವಾಳವಾದ ವಿಷವನ್ನು ಬೆರೆಸಿ ನೋಡಿದರು. ಕಾಯಿಸಿ ಜೀವಾಣುಗಳನ್ನು ಕೊಂದ ಮಣ್ಣಿನಲ್ಲಿ ವಿಷ ಹೆಚ್ಚು ಕಾಲ ಉಳಿಯಿತು. ಜೀವಂತ ಮಣ್ಣಿನಲ್ಲಿ ಬೇಗ ಕಡಿಮೆಯಾಯಿತು. ಇದು ಪ್ರಕಟವಾದದ್ದು 1966ರಲ್ಲಿ.

1982ರಲ್ಲಿ ಅಮೆರಿಕದ ಮಿಷಿಗನ್ನಿನ ವಿಜ್ಞಾನಿಗಳು ಇನ್ನೂ ಸ್ಪಷ್ಟವಾಗಿ ತೋರಿಸಿದರು. ಕೆರೆಯ ಕೆಸರು ಮತ್ತು ಕೊಳಚೆಯ ಗಸಿಯಲ್ಲಿರುವ ಜೀವಾಣುಗಳು ಕ್ಲೋರಿನ್ನನ್ನು ಅಣುವಿನಿಂದ ಕಿತ್ತು, ಆ ಜಾಗದಲ್ಲಿ ಜಲಜನಕವನ್ನು ಕೂರಿಸುತ್ತವೆ. ನಾವು ಆಮ್ಲಜನಕ ಉಸಿರಾಡುವಂತೆ ಇವುಗಳಲ್ಲಿ ಕೆಲವು ಕ್ಲೋರಿನ್ ಸಂಯುಕ್ತವನ್ನೇ ‘ಉಸಿರಾಡುತ್ತವೆ’ ಎಂಬುದು ಕ್ರಮೇಣ ತಿಳಿಯಿತು. 1997ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು ಅಂಥ ಒಂದು ಜೀವಾಣುವನ್ನು ಬೇರ್ಪಡಿಸಿದರು. ಬಟ್ಟೆಗಳ ಡ್ರೈಕ್ಲೀನಿಂಗಿಗೆ ಬಳಸುವ, ನಾಲ್ಕು ಕ್ಲೋರಿನ್ ಹೊತ್ತ ದ್ರಾವಣವನ್ನು ಅದು ಪೂರ್ತಿ ಕ್ಲೋರಿನ್‌ರಹಿತ ಎಥಿಲೀನ್ ಮಾಡಬಲ್ಲುದು. ಅದರ ತವರು ಯಾವುದು ಗೊತ್ತೆ? ಇಥಾಕಾ ಎಂಬ ಊರಿನ ಕೊಳಚೆ ಶುದ್ಧೀಕರಣ ಘಟಕದ ಗಸಿ!

ಇಷ್ಟು ಓದಿದವರಿಗೆ ‘ಹಾಗಾದರೆ ಕೆಸರೇ ಎಲ್ಲವನ್ನೂ ನೋಡಿಕೊಳ್ಳುತ್ತದಲ್ಲ’ ಎನಿಸಬಹುದು. ಅಪಾಯ ಇರುವುದು ಅಲ್ಲೇ. ನಾಲ್ಕು ಕ್ಲೋರಿನ್ ಒಂದೇ ಏಟಿಗೆ ಹೋಗುವುದಿಲ್ಲ. ನಾಲ್ಕು ಮೂರಾಗಿ, ಮೂರು ಎರಡಾಗಿ, ಎರಡು ಒಂದಾಗಬೇಕು. ಒಂದೇ ಕ್ಲೋರಿನ್ ಉಳಿದಾಗ ಆ ವಸ್ತುವಿನ ಹೆಸರು ವಿನೈಲ್ ಕ್ಲೋರೈಡ್. ಅದು ಮನುಷ್ಯರಿಗೆ ಕ್ಯಾನ್ಸರ್ ತರುವುದೆಂದು ಖಚಿತವಾಗಿರುವ ವಸ್ತು. ಕೆಲಸ ಆ ಮೆಟ್ಟಿಲಲ್ಲಿ ನಿಂತುಬಿಟ್ಟರೆ ಆರಂಭದ ವಿಷಕ್ಕಿಂತ ಕೊನೆಯದೇ ಕೆಟ್ಟದ್ದು. ಡಿ.ಡಿ.ಟಿ.ಯೂ ಕೆಸರಿನಲ್ಲಿ ಒಂದು ಕ್ಲೋರಿನ್ ಕಳೆದುಕೊಂಡು ಡಿ.ಡಿ.ಡಿ. ಆಗುತ್ತದೆ, ಅದೂ ಹಟಮಾರಿಯೇ. ಅರ್ಧ ಶುದ್ಧೀಕರಣ ಎಂಬುದು ಅರ್ಧ ಒಳ್ಳೆಯದಲ್ಲ, ಕೆಲವೊಮ್ಮೆ ಅದು ಪೂರ್ತಿ ಕೆಟ್ಟದ್ದು.

ಕೀರ್ದಿ ಪುಸ್ತಕದ ಗಣಿತ

ಕೆಲಸ ಎಲ್ಲಿ ನಿಲ್ಲುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಮೊದಲೇ ತಿಳಿಯುವುದು ಹೇಗೆ? ಇದಕ್ಕೆ ಎಂಜಿನಿಯರುಗಳು ಬಳಸುವುದು ಗಣಿತದ ಮಾದರಿ. ಹೆಸರು ಕೇಳಿ ಹೆದರಬೇಕಿಲ್ಲ. ಕಿರಾಣಿ ಅಂಗಡಿಯ ಕೀರ್ದಿ ಪುಸ್ತಕದಂತೆ ಇದೂ ಜಮಾ-ಖರ್ಚಿನ ಲೆಕ್ಕ. ತೊಟ್ಟಿಗೆ ಎಷ್ಟು ಬಂತು, ಎಷ್ಟು ಹೋಯಿತು, ಒಳಗೆ ಎಷ್ಟು ಕರಗಿತು, ಎಷ್ಟು ಉಳಿಯಿತು.

ಮೊದಲ ಲೆಕ್ಕ ಸಮಯದ್ದು. 1,000 ಘನಮೀಟರ್ ತೊಟ್ಟಿಗೆ ಗಂಟೆಗೆ 100 ಘನಮೀಟರ್ ನೀರು ಬರುತ್ತಿದೆ ಎನ್ನಿ. ನೀರು ಒಳಗಿರುವುದು 10 ಗಂಟೆ ಮಾತ್ರ. ಕ್ಲೋರಿನ್ ಕೀಳುವ ಜೀವಾಣು ಇಮ್ಮಡಿಯಾಗಲು ಒಂದರಿಂದ ಮೂರು ದಿನ ಬೇಕು. ನೀರಿನೊಂದಿಗೆ ಅದೂ ತೇಲಿಹೋದರೆ ಕೆಲವೇ ದಿನಗಳಲ್ಲಿ ತೊಟ್ಟಿ ಖಾಲಿ. ಲೆಟ್ಟಿಂಗರ ತೊಟ್ಟಿಯಲ್ಲಿ ಉಂಡೆಗಳು ತಳದಲ್ಲಿ ಉಳಿಯುವುದರ ಮಹತ್ವ ಇಲ್ಲಿ ತಿಳಿಯುತ್ತದೆ.

ಎರಡನೆಯದು ಊಟದ ಲೆಕ್ಕ. ಬಡಿಸಿದಷ್ಟೂ ಜೀವಾಣು ಬೇಗ ಬೆಳೆಯುತ್ತದೆ, ಆದರೆ ಒಂದು ಮಿತಿಯವರೆಗೆ ಎಂದು 1942ರಲ್ಲಿ ಸೂತ್ರ ಕೊಟ್ಟವರು ಫ್ರಾನ್ಸಿನ ಜಾಕ್ ಮೋನೊ. ಕ್ಲೋರೋಫಿನಾಲಿನಂಥ ವಸ್ತುವಿಗೆ ಈ ಸೂತ್ರವೊಂದೇ ಸಾಲದು. ಅದು ಊಟವೂ ಹೌದು, ವಿಷವೂ ಹೌದು. ಹೆಚ್ಚಾದರೆ ಉಣ್ಣುವವನೇ ಮಲಗುತ್ತಾನೆ. ಇದಕ್ಕೆ ಒದಗಿದ್ದು 1930ರಲ್ಲಿ ಜೆ.ಬಿ.ಎಸ್. ಹಾಲ್ಡೇನ್ ಕಿಣ್ವಗಳಿಗಾಗಿ ಬರೆದ ಸೂತ್ರ. ಅದನ್ನು ಜೀವಾಣುಗಳ ಬೆಳವಣಿಗೆಗೆ 1968ರಲ್ಲಿ ಹೊಂದಿಸಿದವರು ಅಮೆರಿಕದ ಜಾನ್ ಆಂಡ್ರ್ಯೂಸ್. 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಇಲ್ಲಿಯ ಪೌರರಾಗಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಹಾಲ್ಡೇನ್ ಇವರೇ.

ಮೂರನೆಯದು ಪಂಕ್ತಿಯ ಲೆಕ್ಕ. ಕ್ಲೋರಿನ್ ಕೀಳಲು ಜಲಜನಕ ಬೇಕು. ಮಿಥೇನ್ ಮಾಡುವ ಜೀವಾಣುಗಳಿಗೂ ಅದೇ ಬೇಕು. ಒಂದೇ ಪಂಕ್ತಿ, ಇಬ್ಬರು ಹಸಿದವರು. ಗೆಲ್ಲುವವರು ಯಾರು? ಕ್ಲೋರಿನ್ ಕೀಳುವವರು ಜಲಜನಕ ತೀರ ಕಡಿಮೆಯಿದ್ದರೂ ಕೆಲಸ ನಡೆಸಬಲ್ಲರು. ಮಿಥೇನಿನವರಿಗೆ ಅದರ ಸುಮಾರು ಹತ್ತು ಪಟ್ಟು ಬೇಕೆಂದು ಕಾರ್ನೆಲ್ಲಿನ ಅಳತೆಗಳು 1996ರಲ್ಲಿ ತೋರಿಸಿದವು. ಎಂದರೆ ಜಲಜನಕವನ್ನು ಸುರಿಯಬಾರದು, ತೊಟ್ಟಿಕ್ಕಿಸಬೇಕು. ಬೇಗ ಕೊಳೆಯುವ ಆಹಾರ ಹಾಕಿದರೆ ಮಿಥೇನಿನವರು ದೋಚುತ್ತಾರೆ. ನಿಧಾನವಾಗಿ ಕೊಳೆಯುವುದನ್ನು ಹಾಕಿದರೆ ಕ್ಲೋರಿನ್ ಕೀಳುವವರಿಗೆ ಪಾಲು ಸಿಗುತ್ತದೆ. ಡೋನಾ ಫೆನೆಲ್ ಮತ್ತು ಜೇಮ್ಸ್ ಗಾಸೆಟ್ 1998ರಲ್ಲಿ ಈ ಪೈಪೋಟಿಯನ್ನು ಪೂರ್ತಿ ಸಮೀಕರಣಗಳಲ್ಲಿ ಕಟ್ಟಿಕೊಟ್ಟರು. ಆಮ್ಲಜನಕರಹಿತ ತೊಟ್ಟಿಗಳಿಗೆಲ್ಲ ಒಂದೇ ಭಾಷೆ ಇರಲೆಂದು ಅಂತಾರಾಷ್ಟ್ರೀಯ ಜಲ ಸಂಘಟನೆ 2002ರಲ್ಲಿ ಸಾಮಾನ್ಯ ಮಾದರಿಯೊಂದನ್ನು ಹೊರತಂದಿತು. ಕ್ಲೋರಿನ್ನಿನ ಕಥೆ ಅದರಲ್ಲಿರಲಿಲ್ಲ, ಬೇಕಾದವರು ಸೇರಿಸಿಕೊಳ್ಳಬೇಕು.

ಮಾದರಿಗೆ ಒಂದು ಮಿತಿಯಿದೆ. ಅಳೆದದ್ದನ್ನು ಕೊಟ್ಟರೆ ಮಾತ್ರ ಅದು ಉತ್ತರ ಕೊಡುತ್ತದೆ. ಬರುವ ನೀರಿನಲ್ಲಿ ಏನಿದೆ, ಎಷ್ಟಿದೆ, ಯಾವ ಹೊತ್ತಿನಲ್ಲಿ ಹೆಚ್ಚು ಎಂದು ಗೊತ್ತಿಲ್ಲದಿದ್ದರೆ ಅತಿ ಸೊಗಸಾದ ಸಮೀಕರಣವೂ ಖಾಲಿ ಕೀರ್ದಿ ಪುಸ್ತಕವೇ.

ಛೋಟಾ ಮಹಾಬಳೇಶ್ವರದ ಜೀವಾಣು

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಜೀವರಸಾಯನಶಾಸ್ತ್ರ ವಿಭಾಗದಲ್ಲಿ ಎಚ್.ಝಡ್. ನಿನ್ನೇಕರ್ ಅವರೂ ಅವರ ವಿದ್ಯಾರ್ಥಿಗಳೂ ವರ್ಷಗಟ್ಟಲೆ ಇಂಥ ಜೀವಾಣುಗಳ ಬೆನ್ನು ಹತ್ತಿದವರು. ಹತ್ತಿ, ಮೆಣಸಿನಕಾಯಿ ಬೆಳೆಯುವ ನಮ್ಮ ರೈತರಿಗೆ ಚಿರಪರಿಚಿತವಾದ ಸೈಪರ್ಮೆಥ್ರಿನ್ ಎಂಬ ಎಣ್ಣೆಯನ್ನು ಒಡೆದು ತಿನ್ನುವ ಮೈಕ್ರೋಕಾಕಸ್ ಜೀವಾಣುವಿನ ಕುರಿತು ಅವರ ವರದಿ 2008ರಲ್ಲಿ ಪ್ರಕಟವಾಯಿತು. ಸೈಪರ್ಮೆಥ್ರಿನ್ನಿನಲ್ಲಿ ಇರುವುದು ಎರಡು ಕ್ಲೋರಿನ್. ಈ ಜೀವಾಣು ಗಾಳಿ ಬೇಕೆನ್ನುವ ಪಂಗಡದ್ದು.

ಇಲ್ಲೊಂದು ಪಾಠವಿದೆ. ಮೈತುಂಬ ಕ್ಲೋರಿನ್ ಇರುವ ಅಣುವಿಗೆ ಗಾಳಿಯಿಲ್ಲದ ಕೆಸರು ಬೇಕು. ಒಂದೆರಡು ಉಳಿದಾಗ ಗಾಳಿ ಬೇಕೆನ್ನುವವರು ಚುರುಕು. ಮೊದಲು ಮುಚ್ಚಿದ ತೊಟ್ಟಿ, ಆಮೇಲೆ ಗಾಳಿಯಾಡುವ ತೊಟ್ಟಿ ಎಂಬ ಎರಡು ಹಂತದ ಕ್ರಮಕ್ಕೆ ಕಾರಣ ಇದೇ. ಎಲ್ಲಕ್ಕಿಂತ ಒಳ್ಳೆಯದು ಕ್ಲೋರಿನ್ನನ್ನೇ ಕಡಿಮೆ ಮಾಡುವುದು. ತಿರುಳು ಬಿಳುಪಿಗೆ ಕ್ಲೋರಿನ್ ಅನಿಲದ ಬದಲು ಕ್ಲೋರಿನ್ ಡೈಆಕ್ಸೈಡ್, ಆಮ್ಲಜನಕ, ಪೆರಾಕ್ಸೈಡ್ ಬಳಸುವ ದಾರಿ ಜಗತ್ತಿನ ಕಾರ್ಖಾನೆಗಳಿಗೆ ಈಗ ಹೊಸದಲ್ಲ.

ಮತ್ತೆ ನಾಲೆಯ ದಂಡೆಗೆ

ಬಿಡನಾಳದ ನಾಲೆಗೆ ಮರಳೋಣ. ಅದರ ತಳದ ಕೆಸರಿನಲ್ಲಿ ಗಾಳಿಯಿಲ್ಲ, ನಮ್ಮ ಹವೆ ಬೆಚ್ಚಗಿದೆ, ಊಟಕ್ಕೆ ಕೊರತೆಯಿಲ್ಲ. ಹೇಗೆ ನೋಡಿದರೂ ಅದೊಂದು ಆಮ್ಲಜನಕರಹಿತ ತೊಟ್ಟಿಯೇ. ಮನೆಯ ಬ್ಲೀಚಿಂಗ್ ಪೌಡರು, ಗ್ಯಾರೇಜಿನ ದ್ರಾವಣ, ದಂಡೆಯ ಹೊಲಗಳಿಗೆ ಹೊಡೆದ ಎಣ್ಣೆ ಎಲ್ಲಕ್ಕೂ ಅಲ್ಲಿಗೆ ದಾರಿಯಿದೆ. ಆದರೆ ನೀರು ಅಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆಂದು ಯಾರೂ ನಿಗದಿ ಮಾಡಿಲ್ಲ. ಬೆಳಿಗ್ಗೆ ನಗರದಿಂದ ಹೊರಟದ್ದು ಮಧ್ಯಾಹ್ನ ಪಂಪಿನ ಬಾಯಿಗೆ ಬಂದರೆ, ಒಂದು ಕ್ಲೋರಿನ್ ಕೀಳಲು ದಿನಗಳನ್ನು ಕೇಳುವ ಜೀವಾಣು ಮಾಡುವುದಾದರೂ ಏನು?

ಗಬ್ಬೂರ ಬಳಿ ಕೊಳಚೆ ಶುದ್ಧೀಕರಣ ಘಟಕ ಬಂದಿರುವುದು ಒಳ್ಳೆಯ ಸುದ್ದಿಯೇ. ಆದರೆ ಊರ ಕೊಳಚೆಗೆ ಕಟ್ಟುವ ಇಂಥ ಘಟಕಗಳ ಸಾಧನೆಯನ್ನು ಸಾಮಾನ್ಯವಾಗಿ ಅಳೆಯುವುದು ಕೊಳೆಯುವ ಸಾಮಾನ್ಯ ಕಲ್ಮಶದಿಂದ. ಕ್ಲೋರಿನ್ ಹೊತ್ತ ವಸ್ತುಗಳನ್ನು ಬೇರೆಯಾಗಿಯೇ ಹುಡುಕಿ ಅಳೆಯಬೇಕು. ನೀರು ತಿಳಿಯಾಯಿತು, ವಾಸನೆ ಹೋಯಿತು ಎಂದಮಾತ್ರಕ್ಕೆ ಅವು ಹೋದವೆಂದಲ್ಲ.

ತುಂಗಭದ್ರೆಯ ದಂಡೆಯ ಜನ ನಲವತ್ತು ವರ್ಷಗಳ ಹಿಂದೆ ಕೇಳಿದ್ದು ಒಂದೇ ಮಾತು: ನಮ್ಮ ನೀರಿನಲ್ಲಿ ಏನು ಬಿಟ್ಟಿದ್ದೀರಿ, ಲೆಕ್ಕ ಕೊಡಿ. ವಿಜ್ಞಾನಿಗಳ ಸಮೀಕರಣಗಳೂ ಕೇಳುವುದು ಅದನ್ನೇ. ಕೆಸರಿನ ಜೀವಾಣು ನಮ್ಮ ಪರವಾಗಿ ದುಡಿಯಲು ಸಿದ್ಧವಿದೆ, ಆದರೆ ಅದಕ್ಕೆ ಹೊತ್ತು ಬೇಕು, ಹದ ಬೇಕು. ಅದನ್ನು ಕೊಟ್ಟಿದ್ದೇವೆಯೇ ಎಂದು ಅಳೆದು ನೋಡುವ ಕೆಲಸ ಕೆಸರಿನದಲ್ಲ, ನಮ್ಮದು. ನಾಲೆಯ ನೀರು ಕುಡಿದು ಬೆಳೆದ ಮೆಂತ್ಯದ ಸೊಪ್ಪು ನಾಳೆ ಬೆಳಿಗ್ಗೆಯೂ ಸಂತೆಗೆ ಬರುತ್ತದೆ. ಅದನ್ನು ಬೆಳೆದವರಿಗೂ ಕೊಂಡವರಿಗೂ ಆ ಲೆಕ್ಕ ಸಿಗಬೇಕು.